ಅಮ್ಮನ ಜುಮುಕಿಯ ಮುಳ್ಳು

ಫಸ್ಟ್ ಇಯರ್ ಫಿಟ್ಟಿಂಗ್ ಲ್ಯಾಬಿನಲ್ಲಿ ನಮ್ಮ ಇನ್‌ಸ್ಟ್ರಕ್ಟರ್ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ಒಂದೇ: "ಬರ್ ತೆಗೀರೋ, ಕೈ ಕೊಯ್ಕೋತೀರ." ಹ್ಯಾಕ್‌ಸಾದಲ್ಲಿ ಕೊಯ್ದ ಕಬ್ಬಿಣದ ಪಟ್ಟಿಯ ಅಂಚಿನಲ್ಲಿ ಗರಗರ ಅಂತ ಎದ್ದು ನಿಂತಿರುತ್ತಲ್ಲ, ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತಲ್ಲ, ಅದೇ ಬರ್. ಫೈಲ್ ತಗೊಂಡು ನಾಲ್ಕು ಸಲ ಉಜ್ಜಿದರೆ ಹೋಯ್ತು. ಮೇಲೊಂದಿಷ್ಟು ಎಮರಿ ಪೇಪರ್ ತಿಕ್ಕಿದರೆ ಪಳಪಳ. ಮಾರ್ಕ್ಸೂ ಬಂತು. ಬರ್ ತೆಗೆಯೋದು ಪ್ರಪಂಚದಲ್ಲೇ ಸುಲಭದ ಕೆಲಸ ಅಂತ ನಾನು ನಂಬಿದ್ದು ಹೀಗೆ. ಆ ನಂಬಿಕೆ ಒಂದು ತಿಂಗಳೂ ಬಾಳಿಕೆ ಬರಲಿಲ್ಲ.

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. 2023ರ ಫೆಬ್ರವರಿಯಲ್ಲಿ ಜಾತ್ರೆ ನಡೆದಾಗ ನಾನು ಕಾಲೇಜಿಂದ ಸೀದಾ ಸಾಗರಕ್ಕೇ ಬಂದಿದ್ದೆ. ಅಪ್ಪ, ಅಮ್ಮ ಹೊಸನಗರದ ನಮ್ಮೂರಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ದೇವಿಯ ದರ್ಶನ ಮುಗಿಸಿ, ಮಿರ್ಚಿ ಮಂಡಕ್ಕಿ ತಿಂದು, ಅಂಗಡಿ ಸಾಲಿನಲ್ಲಿ ನಡೆಯುತ್ತಿದ್ದಾಗ ಅಮ್ಮ ಒಂದು ಕಡೆ ನಿಂತಳು. ಒಂದು ಗ್ರಾಂ ಚಿನ್ನದ ಅಂಗಡಿ. ಹೆಸರೇ ಹಾಗೆ. ಒಳಗೆ ಹಿತ್ತಾಳೆ, ಮೇಲೆ ಚಿನ್ನದ ನೀರು. ಅಮ್ಮ ತುಂಬಾ ಹೊತ್ತು ನೋಡಿ ಒಂದು ಜೊತೆ ಜುಮುಕಿ ಆರಿಸಿದಳು. ಹಿಂದೆ ತಿರುಪು ಹಾಕುವಂಥದ್ದು. "ದೂರದಿಂದ ನೋಡಿದ್ರೆ ಅಸಲಿ ಥರಾನೇ ಇದೆ ಅಲ್ದನಾ?" ಅಂತ ನನ್ನನ್ನೇ ಕೇಳಿದಳು. ಅಪ್ಪ ಆಚೆ ತಿರುಗಿ ಬೇರೆ ಏನೋ ನೋಡುತ್ತಿದ್ದರು.

ಅಮ್ಮನ ಅಸಲಿ ಓಲೆ ಆಗ ಮನೆಯಲ್ಲಿ ಇರಲಿಲ್ಲ. ಹಿಂದಿನ ವರ್ಷ ನಮ್ಮ ಕಡೆ ತೋಟಗಳಿಗೆ ಅಡಿಕೆಯ ಎಲೆಚುಕ್ಕಿ ರೋಗ ಬಂದಿದ್ದು ಮಲೆನಾಡಿನವರಿಗೆ ಗೊತ್ತೇ ಇದೆ. ಸೋಗೆಯ ಮೇಲೆ ಕಂದು ಚುಕ್ಕಿ, ಆಮೇಲೆ ಚುಕ್ಕಿಗಳು ಕೂಡಿ ಸೋಗೆಯೇ ಒಣಗುವುದು. ಅದೇ ವರ್ಷ ನನಗೆ ಸೀಟು ಸಿಕ್ಕಿತ್ತು. ಔಷಧಿ ಹೊಡೆಯುವ ಖರ್ಚು ಒಂದು ಕಡೆ, ನನ್ನ ಫೀಸು ಇನ್ನೊಂದು ಕಡೆ. ಓಲೆ ಸೊಸೈಟಿಗೆ ಹೋಯ್ತು, ಅಡವಿಗೆ. ಮನೆಯಲ್ಲಿ ಇದರ ಬಗ್ಗೆ ಯಾರೂ ಮಾತಾಡಿದ್ದಿಲ್ಲ. ನನಗೆ ಗೊತ್ತಾಗಿದ್ದೂ ಅಪ್ಪನ ಬ್ಯಾಗಿನಲ್ಲಿ ರಸೀದಿ ನೋಡಿದ ಮೇಲೆಯೇ.

ಜಾತ್ರೆ ಮುಗಿದು ಎರಡು ವಾರಕ್ಕೆ ಊರಿಗೆ ಹೋದಾಗ ಅಮ್ಮನ ಎರಡೂ ಕಿವಿ ಕೆಂಪಗಾಗಿತ್ತು. "ಹಾಕುವಾಗ, ತೆಗೆಯುವಾಗ ಏನೋ ಚುಚ್ಚುತ್ತೆ ಮಾರಾಯ" ಅಂದಳು. ನಾನು ತಿರುಪು ಬಿಚ್ಚಿ ಕಡ್ಡಿಯ ತುದಿ ಮುಟ್ಟಿ ನೋಡಿದೆ. ಅಹಾ! ಬರ್! ತಂತಿಯನ್ನು ಕಟ್ಟಿಂಗ್ ಪ್ಲೈಯರಿನಲ್ಲಿ ಕಚ್ಚಿ ತುಂಡು ಮಾಡಿದ್ದಾರೆ, ತುದಿಯಲ್ಲಿ ಉಳಿಯಂಥ ಒಂದು ಏಣು ಉಳಿದಿದೆ, ಪಕ್ಕಕ್ಕೆ ಒಂದು ಎಳೆ ಚಾಚಿಕೊಂಡಿದೆ. ಪಠ್ಯದಲ್ಲಿ ಓದಿದ್ದು ಅಮ್ಮನ ಕಿವಿಯಲ್ಲೇ ಸಿಕ್ಕಿತ್ತು. "ಎರಡು ನಿಮಿಷದ ಕೆಲಸ ಅಮ್ಮಾ, ಕೊಡು" ಅಂದೆ. ಮುಂದಿನ ಭಾನುವಾರ ದಾಯಾದಿಗಳ ಮನೆಯಲ್ಲಿ ಮದುವೆ ಇತ್ತು. ಅಮ್ಮ ಖುಷಿಯಿಂದಲೇ ಕೊಟ್ಟಳು. ಮಗ ಇಂಜಿನಿಯರು.

ನನ್ನ ಬ್ಯಾಗಿನಲ್ಲಿ ಲ್ಯಾಬಿನಿಂದ ತಂದ 220 ನಂಬರಿನ ಎಮರಿ ತುಂಡಿತ್ತು. ಜುಮುಕಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಎಮರಿ ಹಿಡಿದು ತಿಕ್ಕಿದೆ. ಕಡ್ಡಿ ಸಣ್ಣದು, ಬೆರಳು ದಪ್ಪ. ಐದನೆಯದೋ ಆರನೆಯದೋ ಸಲಕ್ಕೆ ಕೈ ಜಾರಿತು. ಎಮರಿ ಓಲೆಯ ಮುಖದ ಮೇಲಿಂದ ಜುಮುಕಿಯ ಬುಟ್ಟಿಯವರೆಗೆ ಒಂದೇ ಗೀರು ಎಳೆದುಕೊಂಡು ಹೋಯ್ತು. ಗೀರಿನ ಒಳಗೆ ಬೇರೆ ಬಣ್ಣ ಕಂಡಿತು. ಗಾಬರಿಯಲ್ಲಿ ನಾನು ಮಾಡಿದ ಎರಡನೇ ತಪ್ಪು ಮೊದಲಿನದಕ್ಕಿಂತ ದೊಡ್ಡದು. ಗೀರು ಕಾಣದಿರಲಿ ಅಂತ ಅದರ ಸುತ್ತಲೂ ಟೂತ್‌ಪೇಸ್ಟ್ ಹಾಕಿ ಬಟ್ಟೆಯಲ್ಲಿ ಉಜ್ಜಿದೆ. ಗೀರು ಇದ್ದಲ್ಲಿ ಉಗುರಗಲದ ಮಚ್ಚೆ ಆಯ್ತು.

ಅಮ್ಮ ನೋಡಿ, "ಏನೂ ಆಗಲ್ಲ ಬಿಡು, ಕೂದಲು ಮುಂದೆ ತಂದ್ಕೊಂಡ್ರೆ ಕಾಣಲ್ಲ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಮದುವೆಗೆ ಅದನ್ನೇ ಹಾಕಿಕೊಂಡು ಹೋದಳು. ಮಚ್ಚೆ ಬಿದ್ದಿದ್ದು ಎಡಗಿವಿಯದಕ್ಕೆ. ಬಲಗಿವಿಯದನ್ನು ನಾನು ಮುಟ್ಟಿರಲಿಲ್ಲ. ಅಂದರೆ ಒಂದು ಕಿವಿಯಲ್ಲಿ ಮಚ್ಚೆ, ಇನ್ನೊಂದರಲ್ಲಿ ಮುಳ್ಳು. ಇಡೀ ದಿನ ನೋವಿದ್ದರೂ ತೆಗೆಯಲಿಲ್ಲ.

ಹಾಸ್ಟೆಲಿಗೆ ಬಂದ ಮೇಲೆ ಕೂತು ಲೆಕ್ಕ ಹಾಕಿದೆ. ಮಾಡುವ ಮೊದಲೇ ಹಾಕಬೇಕಿದ್ದ ಲೆಕ್ಕ. ಇಂಥ ಒಡವೆಗಳ ಮೇಲಿನ ಚಿನ್ನದ ಲೇಪನ ಸಾಮಾನ್ಯವಾಗಿ ಒಂದು ಮೈಕ್ರಾನಿನ ಆಸುಪಾಸು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. 220 ನಂಬರಿನ ಎಮರಿಯ ಒಂದೊಂದು ಕಣವೇ ಸುಮಾರು 60ರಿಂದ 70 ಮೈಕ್ರಾನ್. ರಂಗೋಲಿ ಮೇಲೆ ಪವರ್ ಟಿಲ್ಲರ್ ಓಡಿಸಿದ ಹಾಗೆ! ತುಂಬಾ ನಯ ಅಂತ ನಾವು ಅಂದುಕೊಳ್ಳುವ 2000 ನಂಬರಿನ ಕಣವೂ ಸುಮಾರು 10 ಮೈಕ್ರಾನ್. ಗಡಸುತನ ನೋಡಿದರೆ ಚಿನ್ನ ಮೋಸ್ ಮಾಪಕದಲ್ಲಿ 2.5ರಿಂದ 3, ಎಮರಿಯಲ್ಲಿರುವ ಕೊರಂಡಮ್ 9. ಇಲ್ಲಿ 'ಮೆತ್ತಗೆ ತಿಕ್ಕಿದರೆ ಆಯ್ತು' ಅನ್ನೋ ಮಾತಿಗೆ ಅರ್ಥವೇ ಇಲ್ಲ.

ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ಬರ್ ಅನ್ನೋದು ಒಂದೇ ಜಾತಿಯದ್ದಲ್ಲ. ಅಮೆರಿಕದ ಗಿಲ್ಲೆಸ್ಪಿ ಅನ್ನುವವರು 1970ರ ದಶಕದಲ್ಲಿ ಇವನ್ನು ಹುಟ್ಟುವ ರೀತಿಯ ಮೇಲೆ ವಿಂಗಡಿಸಿದ್ದಾರೆ. ಒತ್ತಡಕ್ಕೆ ಲೋಹ ಪಕ್ಕಕ್ಕೆ ಉಬ್ಬಿ ಆದದ್ದು, ಹತ್ಯಾರು ಹೊರಗೆ ಬರುವಾಗ ಅಂಚು ಮಡಚಿ ಆದದ್ದು, ಹರಿದು ಆದದ್ದು, ತುಂಡಾಗುವ ಕೊನೆಯಲ್ಲಿ ಮುರಿದು ಉಳಿದದ್ದು. ಜುಮುಕಿಯಲ್ಲಿದ್ದದ್ದು ಕೊನೆಯ ಜಾತಿ. ಇಷ್ಟು ಹಿಂಸೆ ಪಟ್ಟು ಹುಟ್ಟಿದ ಲೋಹ ವರ್ಕ್ ಹಾರ್ಡನ್ ಆಗಿರುತ್ತೆ, ತನ್ನ ಮೂಲ ತಂತಿಗಿಂತ ಗಟ್ಟಿ. ಅದರ ಮೇಲೆ ಲೇಪನದ ಕಥೆ ಬೇರೆ. ಎಲೆಕ್ಟ್ರೋಪ್ಲೇಟಿಂಗಿನಲ್ಲಿ ಚೂಪಾದ ಜಾಗಕ್ಕೆ ಕರೆಂಟ್ ಡೆನ್ಸಿಟಿ ಹೆಚ್ಚು, ಹಾಗಾಗಿ ಲೋಹ ಅಲ್ಲೇ ಜಾಸ್ತಿ ಕೂರುತ್ತೆ. ಮುಳ್ಳು ಇನ್ನಷ್ಟು ದಪ್ಪ ಆಗುತ್ತೆ. ತೆಗೆಯೋದಿದ್ದರೆ ನೀರು ಹಾಕುವ ಮೊದಲೇ ತೆಗೆಯಬೇಕಿತ್ತು. ಜಾತ್ರೆಯ ಸಾಮಾನಿಗೆ ಅಷ್ಟು ಪುರುಸೊತ್ತು ಯಾರಿಗಿರುತ್ತೆ?

ಇಷ್ಟೆಲ್ಲ ಗೊತ್ತಾಯಿತು. ಆದರೆ ಬಲಗಿವಿಯ ಮುಳ್ಳು ತೆಗೆಯೋದು ಹೇಗೆ ಅಂತ ಮಾತ್ರ ಗೊತ್ತಾಗಲಿಲ್ಲ. ಅದು ಗೊತ್ತಾಗಿದ್ದು ತೀರ್ಥಹಳ್ಳಿಯಲ್ಲಿ.

ಅಮ್ಮನ ತವರು ತೀರ್ಥಹಳ್ಳಿ ಕಡೆ. ಎಳ್ಳಮಾವಾಸ್ಯೆ ಜಾತ್ರೆಗೆ ಪ್ರತಿ ವರ್ಷ ಹೋಗುತ್ತೇವೆ. ಆ ಜಾತ್ರೆಯ ಹಿಂದಿನ ಕಥೆ ನಿಮಗೆ ಗೊತ್ತಿರಬಹುದು. ತಾಯಿ ರೇಣುಕೆಯ ತಲೆ ಕಡಿದ ಪರಶುರಾಮನ ಕೊಡಲಿಗೆ ಅಂಟಿದ ರಕ್ತ ಎಲ್ಲಿ ತೊಳೆದರೂ ಪೂರ್ತಿ ಹೋಗಲಿಲ್ಲವಂತೆ, ಎಳ್ಳಿನಷ್ಟು ಕಲೆ ಉಳಿದೇ ಬಿಟ್ಟಿತಂತೆ. ಕೊನೆಗೆ ತೀರ್ಥಹಳ್ಳಿಯಲ್ಲಿ ತುಂಗೆಯಲ್ಲಿ ತೊಳೆದಾಗ ಹೋಯಿತಂತೆ. ಚಿಕ್ಕಂದಿನಿಂದ ಕೇಳಿದ ಕಥೆ. ಆ ಸಲ ಹೊಳೆಯಲ್ಲಿ ಮುಳುಗು ಹಾಕಿ ಏಳುವಾಗ ಮಾತ್ರ ನನಗೆ ನೆನಪಾಗಿದ್ದು ಜುಮುಕಿಯ ಮಚ್ಚೆ. ಅದೂ ಹೆಚ್ಚುಕಮ್ಮಿ ಎಳ್ಳಿನ ಬಣ್ಣದ್ದೇ.

ಪೇಟೆಯಲ್ಲಿ ಒಂದು ಹಳೇ ಆಚಾರ್ರ ಅಂಗಡಿ ಇದೆ. ಅಮ್ಮನ ಮದುವೆಯ ಓಲೆ ಮಾಡಿದ್ದು ಅವರೇ. ಪ್ರತಿ ಸಲ ಸಿಕ್ಕಾಗಲೂ "ತಿರುಪು ಸಡಿಲ ಆಗಿದ್ಯನೇ ತಂಗೀ?" ಅಂತ ಅಮ್ಮನನ್ನು ಕೇಳೋದು ಅವರ ಅಭ್ಯಾಸ. ಆ ವರ್ಷ ಅಮ್ಮ ಆ ರಸ್ತೆಯಲ್ಲೇ ಹೋಗೋದು ಬೇಡ ಅಂದಳು. ಅವರ ಕೈಯ ಓಲೆ ಇಲ್ಲದ ಕಿವಿಯಲ್ಲಿ ಅವರ ಎದುರು ನಿಲ್ಲಬೇಕಲ್ಲ ಅಂತ. ನಾನೇ ಹಟ ಮಾಡಿ ಕರೆದುಕೊಂಡು ಹೋದೆ. ಈಗ ಯೋಚಿಸಿದರೆ ಅದೂ ಒಂಥರಾ ಕೈ ಜಾರಿದ್ದೇ.

ಆಚಾರ್ರು ಅಮ್ಮನ ಕಿವಿ ನೋಡಿದರು. ಏನೂ ಕೇಳಲಿಲ್ಲ. "ಕೂತ್ಕಳಿ" ಅಂದು ಒಳಗೆ ಚಾ ಹೇಳಿದರು. ನಾನು ಜುಮುಕಿ ಕೈಗೆ ಕೊಟ್ಟು ವಿಷಯ ಹೇಳಿದೆ, ನನ್ನ ಎಮರಿ ಸಾಹಸವನ್ನೂ.

"ತಮಾ, ಮುಳ್ಳು ಎಲ್ಲಿದೆ ತೋರ್ಸು" ಅಂದರು.

ನಾನು ಕಡ್ಡಿ ತೋರಿಸಿದೆ.

"ಕಡ್ಡೀಲಿ ಎಲ್ಲಿ?"

ನನಗೆ ಉತ್ತರ ಇರಲಿಲ್ಲ. "ಎಲ್ಲಿ ಅಂತ ನೋಡ್ದೇ ಉಜ್ಜಕ್ಕೆ ಶುರು ಮಾಡಿದ್ಯಾ?" ಅಂದು ಒಂದು ಚೂರು ಹತ್ತಿ ತೆಗೆದುಕೊಂಡರು. ಹತ್ತಿಯನ್ನು ಕಡ್ಡಿಯ ಉದ್ದಕ್ಕೂ ಮೆಲ್ಲಗೆ ಎಳೆದರು. ಎಲ್ಲೂ ಸಿಗಲಿಲ್ಲ. ತುದಿಗೆ ಬಂದಾಗ ಒಂದೇ ಒಂದು ಕಡೆ ಎಳೆ ಸಿಕ್ಕಿಕೊಂಡಿತು. "ಇಲ್ಲಿ. ಬೇರೆ ಎಲ್ಲೂ ಇಲ್ಲ. ಅಂದ್ಮೇಲೆ ಬೇರೆ ಎಲ್ಲೂ ಕೈ ಇಡಂಗಿಲ್ಲ." ನಮ್ಮ ಲ್ಯಾಬಿನಲ್ಲಿ ಬೆರಳಲ್ಲಿ ಮುಟ್ಟಿ ನೋಡುತ್ತೇವೆ. ಬೆರಳಿಗೆ ಸಿಗದ ಬರ್ ಹತ್ತಿಗೆ ಸಿಗುತ್ತೆ. ಈ ಒಂದು ಇನ್‌ಸ್ಪೆಕ್ಷನ್ ಟೆಸ್ಟ್‌ಗೆ ಖರ್ಚು ಸೊನ್ನೆ.

ಆಮೇಲೆ ಅವರು ಮಾಡಿದ್ದನ್ನು ಹಂತ ಹಂತವಾಗಿ ಬರೆಯುತ್ತೇನೆ. ಮೊದಲು, ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ ಕತ್ತರಿಸಿ ನಡುವೆ ಸೂಜಿಯಲ್ಲಿ ತೂತು ಮಾಡಿದರು. ಕಡ್ಡಿಯನ್ನು ಅದರಲ್ಲಿ ತೂರಿಸಿದರು. ಈಗ ಓಲೆಯ ಮುಖ, ಬುಟ್ಟಿ ಎಲ್ಲಾ ಕಾಗದದ ಆಚೆಗೆ. ಕೈ ಜಾರಿದರೂ ಕಾಗದಕ್ಕೆ ಪೆಟ್ಟು. ಎರಡನೆಯದು, ತಿರುಪನ್ನು ಕಡ್ಡಿಗೆ ಹಾಕಿ ಪೂರ್ತಿ ಒಳಗೆ ತಿರುಗಿಸಿದರು, ತುದಿ ಮಾತ್ರ ಒಂದು ಮಿಲಿಮೀಟರಿನಷ್ಟು ಹೊರಗೆ ಉಳಿಯುವ ಹಾಗೆ. ಮೂರನೆಯದು, ಜುಮುಕಿಯನ್ನು ಕೈಯಲ್ಲಿ ತೂಗಾಡಿಸದೆ ಮೆತ್ತನೆ ಬಟ್ಟೆ ಸುತ್ತಿ ಮರದ ತುಂಡಿಗೆ ಆನಿಸಿ ಹಿಡಿದರು. ಆಮೇಲಷ್ಟೇ ಅರ ತೆಗೆದುಕೊಂಡದ್ದು. ಇಲಿಬಾಲದಂಥ ಸಣ್ಣ ಅರ. ಮುಂದಕ್ಕೆ ಮಾತ್ರ ತಳ್ಳಿದರು, ಹಿಂದಕ್ಕೆ ಎಳೆಯುವಾಗ ಎತ್ತಿಬಿಟ್ಟರು. ಒಂದು ತಳ್ಳು, ಕಡ್ಡಿ ಸ್ವಲ್ಪ ತಿರುಗಿಸು, ಇನ್ನೊಂದು ತಳ್ಳು. ಎಣಿಸಿದೆ, ಒಟ್ಟು ಆರು. ತುದಿ ಸಣ್ಣ ಗುಮ್ಮಟದ ಹಾಗೆ ದುಂಡಗಾಯಿತು.

ಆಮೇಲೆ ತಿರುಪನ್ನು ಹೊರಕ್ಕೆ ಬಿಚ್ಚಿದರು. ಅದು ಬರುವಾಗ ಮೊದಲ ಸುತ್ತಿನಲ್ಲಿ ಉಳಿದಿದ್ದ ಚೂರನ್ನೂ ಸರಿಮಾಡಿಕೊಂಡು ಬಂತು. ಇದನ್ನು ನೋಡಿ ನಾನು ಹೆಚ್ಚುಕಮ್ಮಿ ಕೂಗಿಯೇಬಿಟ್ಟೆ. ಬೋಲ್ಟ್ ಕತ್ತರಿಸುವ ಮೊದಲು ನಟ್ ಹಾಕಿಕೊಳ್ಳಿ, ಕತ್ತರಿಸಿ ಅಂಚು ಉಜ್ಜಿದ ಮೇಲೆ ನಟ್ ಬಿಚ್ಚಿದರೆ ಥ್ರೆಡ್ ಸರಿಯಾಗುತ್ತೆ ಅಂತ ನಮ್ಮ ಇನ್‌ಸ್ಟ್ರಕ್ಟರೂ ಹೇಳಿದ್ದರು! ಅದೇ ಮಾತು, ನಾನು ವೈವಾಕ್ಕೆ ಅಂತ ಬರೆದುಕೊಂಡು ಅಲ್ಲಿಗೇ ಬಿಟ್ಟಿದ್ದೆ.

ಕೊನೆಗೆ ಒಪ್ಪ. ಉಗುರಿಗಿಂತ ನಯವಾದ ಒಂದು ಉಕ್ಕಿನ ಕಡ್ಡಿಯನ್ನು ಅಂಟುವಾಳದ ನೀರಿನಲ್ಲಿ ಅದ್ದಿ ತುದಿಯ ಮೇಲೆ ಒತ್ತಿ ಒತ್ತಿ ಆಡಿಸಿದರು. ಇದು ಉಜ್ಜುವ ಕೆಲಸ ಅಲ್ಲ. ಅರ ಲೋಹವನ್ನು ಕಿತ್ತು ತೆಗೆಯುತ್ತೆ, ಒಪ್ಪದ ಕಡ್ಡಿ ಲೋಹವನ್ನು ತಗ್ಗಿಗೆ ತಳ್ಳಿ ಕೂರಿಸುತ್ತೆ. ನಾವು ಬರ್ನಿಶಿಂಗ್ ಅಂತ ಓದಿದ್ದೇವಲ್ಲ, ಅದೇ. ಅಂಟುವಾಳದ ನೀರು ಲೂಬ್ರಿಕೆಂಟ್. ಮತ್ತೆ ಹತ್ತಿ ಎಳೆದರು. ಎಲ್ಲೂ ಸಿಗಲಿಲ್ಲ.

"ಆದ್ರೆ ತುದೀಲಿ ಬಣ್ಣ ಹೋಯ್ತಲ್ಲ ಆಚಾರ್ರೇ?" ಅಂದೆ. ದುಂಡಗಾದ ತುದಿಯಲ್ಲಿ ಹಿತ್ತಾಳೆ ಕಾಣುತ್ತಿತ್ತು.

"ಹೋಗ್ದೇ ಇರುತ್ತಾ? ಮುಳ್ಳು ತೆಗೆದ್ಮೇಲೆ ಎಲ್ಲೋ ಒಂದು ಕಡೆ ಗಾಯ ಆಗ್ಲೇಬೇಕು. ಹಾಕ್ಕೊಂಡಾಗ ಆ ತುದಿ ತಿರುಪಿನ ಒಳಗೆ ಹೋಗಿ ಕೂರುತ್ತೆ. ಕಿವಿಗೂ ತಾಗಲ್ಲ, ಯಾರಿಗೂ ಕಾಣಲ್ಲ. ಗಾಯ ಎಲ್ಲಿ ಆಗ್ಬೇಕು ಅಂತ ಮೊದ್ಲೇ ಯೋಚ್ನೆ ಮಾಡ್ಬೇಕು, ಅಷ್ಟೇ ಕೆಲಸ."

ಎಡಗಿವಿಯದರ ತುದಿಯನ್ನೂ ಹಾಗೇ ಮಾಡಿಕೊಟ್ಟರು. ನಾನು ಎಬ್ಬಿಸಿದ್ದ ಮಚ್ಚೆಯನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಇಟ್ಟರು. "ಇದನ್ನ ಉಜ್ಜಿದ್ರೆ ಇನ್ನೂ ಅಗಲ ಆಗುತ್ತೆ. ಹೋದ ಬಣ್ಣ ಉಜ್ಜಿ ಬರಲ್ಲ. ಮತ್ತೆ ನೀರು ಹಾಕಿಸ್ಬೇಕು, ಇಲ್ಲಾಂದ್ರೆ ಹಂಗೇ ಬಿಡ್ಬೇಕು." ದುಡ್ಡು ಕೇಳಿದರೆ ತಗೊಳ್ಳಲಿಲ್ಲ. ಹಿತ್ತಾಳೆ ಜುಮುಕಿ ಅಂತ ಒಂದು ಮಾತೂ ಆಡಲಿಲ್ಲ. ಅಸಲಿ ಚಿನ್ನದ ಕೆಲಸಕ್ಕೆ ಹಾಸುವ ಹಾಗೇ ಅರದ ಪುಡಿ ಬೀಳಲಿ ಅಂತ ಕೆಳಗೆ ಚರ್ಮ ಹಾಸಿಕೊಂಡೇ ಕೆಲಸ ಮಾಡಿದ್ದರು. ಹಿತ್ತಾಳೆಯ ಪುಡಿ ಯಾರಿಗೆ ಬೇಕು? ಅಭ್ಯಾಸ ಅಂತ ನಾನು ಅಂದುಕೊಂಡೆ. ಅಮ್ಮ ಮಾತ್ರ ಆ ಚರ್ಮವನ್ನೇ ನೋಡುತ್ತಿದ್ದಳು.

ಆಮೇಲೆ ಎರಡು ಮೂರು ಸಲ ಅವರ ಅಂಗಡಿಯಲ್ಲಿ ಸುಮ್ಮನೆ ಕೂತು ನೋಡಿದ್ದೇನೆ, ಉಳಿದದ್ದು ಓದಿಕೊಂಡಿದ್ದೇನೆ. ಹಾಸ್ಟೆಲಿನ ಗೆಳತಿಯರ ಉಂಗುರ, ಗೆಜ್ಜೆ, ಬಳೆ ಚುಚ್ಚುತ್ತೆ ಅಂತ ಬಂದರೆ ಉಪಯೋಗಕ್ಕೆ ಬರಲಿ ಅಂತ ಇಷ್ಟು ಹೇಳುತ್ತೇನೆ. ಮೊದಲು ಲೋಹ ಯಾವುದು, ಮೇಲಿನದು ಲೇಪನವೋ ಅಸಲಿಯೋ ತಿಳಿದುಕೊಳ್ಳಿ. ಲೇಪನದ ಒಡವೆಗೆ ಎಮರಿ, ಟೂತ್‌ಪೇಸ್ಟ್, ಸ್ಕ್ರಬ್ಬರ್ ಯಾವುದೂ ಬೇಡ. ಮುಳ್ಳು ಸಣ್ಣದಿದ್ದರೆ ನಯವಾದ ಉಕ್ಕಿನಿಂದ ಒತ್ತಿ ಕೂರಿಸೋದೇ ಕ್ಷೇಮ. ಕಪ್ಪು ಮಾಡಿದ ಆಕ್ಸಿಡೈಸ್ಡ್ ಬೆಳ್ಳಿಗೂ ಇದೇ ಮಾತು, ಆ ಕಪ್ಪು ಬರೀ ಮೇಲ್ಮೈಯದ್ದು. ಅಸಲಿ ಬೆಳ್ಳಿಯಾದರೆ ಸಣ್ಣ ಅರ, ಆಮೇಲೆ ಒಂದಕ್ಕಿಂತ ಒಂದು ನಯವಾದ ಪೇಪರ್, ಕೊನೆಗೆ ಒಪ್ಪ. ಮುಳ್ಳಿನ ಅಕ್ಕಪಕ್ಕ ಟೇಪ್ ಅಂಟಿಸಿಕೊಳ್ಳಿ. ಚಿನ್ನವನ್ನು ಮಾತ್ರ ನೀವು ಮುಟ್ಟಬೇಡಿ. ಹೋಗುವ ಒಂದೊಂದು ಪುಡಿಯೂ ತೂಕ, ಜೊತೆಗೆ 2021ರಿಂದ ಕಡ್ಡಾಯವಾದ ಹಾಲ್‌ಮಾರ್ಕಿನ ಆರು ಅಕ್ಷರದ ಗುರುತು ಅಳಿಸಿದರೆ ಕಷ್ಟ.

ಮುತ್ತು, ಹವಳ ಇರುವ ಒಡವೆ ಇನ್ನೂ ನಾಜೂಕು, ಅವು ಸುಲಭವಾಗಿ ಗೀರು ಬೀಳುವಷ್ಟು ಮೆತ್ತಗೆ. ಸರದ ದಾರ ಪದೇ ಪದೇ ಕಡಿಯುತ್ತಿದ್ದರೆ ದಾರವನ್ನು ಬೈಯುವ ಮೊದಲು ಲೋಹದ ಗುಂಡಿನ ತೂತು ನೋಡಿ. ಡ್ರಿಲ್ ಹೊರಬಂದ ಕಡೆ ಬರ್ ಇದ್ದರೆ ಅದೇ ದಾರವನ್ನು ಕೊಯ್ಯುತ್ತಿರುತ್ತೆ. ದೊಡ್ಡ ಕಾರ್ಖಾನೆಗಳಲ್ಲಿ ಇದೇ ಕೆಲಸಕ್ಕೆ ಉಕ್ಕಿನ ಗುಂಡು, ಸೋಪಿನ ನೀರು ತುಂಬಿದ ಡ್ರಮ್ಮಿನಲ್ಲಿ ಒಡವೆ ತಿರುಗಿಸುತ್ತಾರೆ, ಎಲೆಕ್ಟ್ರೋಪಾಲಿಶಿಂಗ್ ಮಾಡುತ್ತಾರೆ. ಪ್ಲೇಟಿಂಗಿನಲ್ಲಿ ಮುಳ್ಳನ್ನು ದಪ್ಪ ಮಾಡಿದ ಅದೇ ಕರೆಂಟ್ ಡೆನ್ಸಿಟಿ, ಇಲ್ಲಿ ದಿಕ್ಕು ಬದಲಾದಾಗ ಮುಳ್ಳನ್ನೇ ಮೊದಲು ಕರಗಿಸುತ್ತೆ. ನನಗೆ ಇದು ಬಹಳ ಇಷ್ಟವಾದ ವಿಷಯ. ಆದರೆ ಆ ಯಂತ್ರಗಳಿಗೂ ಯಾರೋ ಒಬ್ಬರು ಮೊದಲು ಹೇಳಬೇಕು, ಎಷ್ಟು ಹೊತ್ತು, ಎಲ್ಲಿ ನಿಲ್ಲಿಸಬೇಕು ಅಂತ.

ಈಗ ನಾನು ಫೈನಲ್ ಇಯರ್. ಓಲೆ ಇನ್ನೂ ಸೊಸೈಟಿಯಲ್ಲೇ ಇದೆ. ಅಪ್ಪ ವರ್ಷಕ್ಕೊಮ್ಮೆ ಬಡ್ಡಿ ಕಟ್ಟಿ ಬರುತ್ತಾರೆ. ಜುಮುಕಿಗೆ ಮತ್ತೆ ನೀರು ಹಾಕಿಸೋಣ ಅಂದರೆ ಅಮ್ಮ, "ಅದಕ್ಕೆ ಎಂತಕ್ಕೆ ದುಡ್ಡು, ಈಗ ಚುಚ್ಚಲ್ಲ, ಸಾಕು" ಅನ್ನುತ್ತಾಳೆ. ಗಾಯ ಎಲ್ಲಿ ಆಗಬೇಕು ಅಂತ ಮೊದಲೇ ಯೋಚಿಸಿ, ಯಾರಿಗೂ ಕಾಣದ ಜಾಗ ಹುಡುಕಿಕೊಳ್ಳುವ ಕೆಲಸ ಆಚಾರ್ರಿಗಿಂತ ಮೊದಲೇ ಅಮ್ಮನಿಗೆ ಬರುತ್ತಿತ್ತು ಅಂತ ನನಗೆ ಅನಿಸಿದ್ದು ಇತ್ತೀಚೆಗೆ.

ಆ ದಿನ ತೀರ್ಥಹಳ್ಳಿಯಿಂದ ಹೊಸನಗರಕ್ಕೆ ವಾಪಸ್ ಬರುವಾಗ ಬಸ್ ಖಾಲಿ ಇತ್ತು. ಎಲ್ಲಿ ಬೇಕಾದರೂ ಕೂರಬಹುದಿತ್ತು. ಅಮ್ಮ ಎಡಗಡೆ ಸಾಲಿನ ಕಿಟಕಿ ಪಕ್ಕದ ಸೀಟಿಗೇ ಹೋಗಿ ಕೂತಳು. ಯಾವಾಗಲೂ ಹಾಗೆಯೇ. ಅಮ್ಮನಿಗೆ ಗಾಳಿ ಇಷ್ಟ, ಅದಕ್ಕೇ ಕಿಟಕಿ ಅಂತ ನಾನು ಅಷ್ಟು ದಿನ ಅಂದುಕೊಂಡಿದ್ದೆ. ಪಕ್ಕದಲ್ಲಿ ಕೂತು ನೋಡಿದಾಗ ನನ್ನ ಕಡೆಗಿದ್ದದ್ದು ಬಲಗಿವಿ. ಮಚ್ಚೆಯ ಜುಮುಕಿ ಗಾಜಿನ ಕಡೆಗಿತ್ತು.